ಉದ್ಯಾನದ ಗೆರೆ ಮತ್ತು ಮೂರು ಎಕರೆ ತೋಟ: ಪುನರ್ವಸತಿಗೆ ಒಪ್ಪುವ ಮೊದಲು

ಪ್ರಶ್ನೆ: ನಮ್ಮದು ಶೃಂಗೇರಿ ತಾಲ್ಲೂಕಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೋ ಅಂಚಿಗೋ ಇರುವ ಹನ್ನೆರಡು ಮನೆಗಳ ಊರು. ಅಜ್ಜನ ಹೆಸರಿನಲ್ಲಿ ಮೂರು ಎಕರೆ ಪಟ್ಟಾ ಜಮೀನಿದೆ. ಅದಕ್ಕೆ ತಾಗಿದ ಒಂದೂವರೆ ಎಕರೆ ಒತ್ತುವರಿಯನ್ನೂ ಅಜ್ಜನ ಕಾಲದಿಂದ ಸಾಗುವಳಿ ಮಾಡುತ್ತಿದ್ದೇವೆ. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂದು ಫಸಲು ಅರ್ಧಕ್ಕಿಂತ ಕಡಿಮೆಯಾಗಿದೆ. ಊರಿನ ಐದು ಮನೆಯವರು ಪುನರ್ವಸತಿಗೆ ಅರ್ಜಿ ಕೊಟ್ಟಾಗಿದೆ. ಈಗ ಒಪ್ಪದಿದ್ದರೆ ಮುಂದೆ ಪರಿಹಾರವಿಲ್ಲದೆ ಎಬ್ಬಿಸುತ್ತಾರೆ, ಯುನೆಸ್ಕೋ ಬಂದಾಯಿತು, ಕಸ್ತೂರಿರಂಗನ್ ವರದಿ ಬರುತ್ತದೆ, ಹುಲಿ ಯೋಜನೆಯೂ ಬರುತ್ತದೆ ಎಂದು ಹೇಳುವವರಿದ್ದಾರೆ. ತಲೆಗೆ ಹದಿನೈದು ಲಕ್ಷ ಕೊಡುತ್ತಾರೆಂದೂ ಕೇಳಿದ್ದೇವೆ. ಎಪ್ಪತ್ತೆಂಟು ವರ್ಷದ ಅಪ್ಪ ತಾನು ಎಲ್ಲಿಗೂ ಬರುವುದಿಲ್ಲ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣ ಈಗಲೇ ಸಹಿ ಹಾಕೋಣ ಎನ್ನುತ್ತಾನೆ. ಹೊರಗಿನವರಿಗೆ ಮಾರಿಬಿಡಬಹುದೇ? ಉಳಿದರೆ ರಸ್ತೆ, ಕರೆಂಟು ಸಿಕ್ಕೀತೇ? ತೀರ್ಮಾನವಾಗುವವರೆಗೆ ಮನೆಯ ಮಾಡು (ಛಾವಣಿ) ರಿಪೇರಿ ಮಾಡಿಸಿ, ಸತ್ತ ಮರಗಳ ಜಾಗದಲ್ಲಿ ಸಸಿ ಇಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದರೊಳಗೊಂದು ಸೇರಿಕೊಂಡಿವೆ. ಸಹಿ ಹಾಕದಿದ್ದರೆ ಬರಿಗೈಯಲ್ಲಿ ಹೊರಬೀಳಬೇಕಾದೀತು ಎಂಬುದು ಒಂದು. ಸಹಿ ಹಾಕಿದರೆ ಇಳಿವಯಸ್ಸಿನ ಅಪ್ಪ ನೆಲೆ ಕಳೆದುಕೊಂಡು, ಬಂದ ಹಣವೂ ಪಾಲುಪಾಲಾಗಿ ಕರಗಿಹೋದೀತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾನೂನಿನಲ್ಲಿ ಆಧಾರ ಬಹಳ ಕಡಿಮೆ. ಎರಡನೆಯದು ನಿಜವಾಗಿ ನಡೆಯುವಂಥದ್ದು. ಆದರೆ ಊರಿನ ಜಗಲಿಗಳಲ್ಲಿ ಚರ್ಚೆಯಾಗುವುದು ಯಾವಾಗಲೂ ಮೊದಲನೆಯದೇ. ಅರಣ್ಯ ಇಲಾಖೆಯ ಸೇವೆಯಲ್ಲಿದ್ದಾಗ ನಾನು ಇಂಥ ಒಪ್ಪಿಗೆ ಪತ್ರಗಳನ್ನು ಪಡೆಯುವವರ ಕಡೆ ಇದ್ದವನು; ನಿವೃತ್ತಿಯ ನಂತರ ಸಹಿ ಹಾಕುವವರ ಕಾಗದಪತ್ರಗಳನ್ನು ನೋಡಿಕೊಡುತ್ತಿದ್ದೇನೆ. ಎರಡೂ ಕಡೆಯಿಂದ ಕಂಡದ್ದನ್ನು ಇಟ್ಟುಕೊಂಡು ಹೇಳುವುದಾದರೆ, ಹೋಗುವುದೋ ಉಳಿಯುವುದೋ ಎಂದು ಮನೆಯಲ್ಲಿ ಜಗಳವಾಡುವ ಮೊದಲು ನಿಮ್ಮ ಸರ್ವೆ ನಂಬರು ಯಾವ ಗೆರೆಯ ಯಾವ ಬದಿಗಿದೆ ಎಂಬುದು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಕೊಟ್ಟ ಒಪ್ಪಿಗೆಯೂ ಕುರುಡು, ತೋರಿದ ಹಟವೂ ಕುರುಡು.

ನಿಮ್ಮ ಊರಿನವರು ಒಂದೇ ಉಸಿರಿನಲ್ಲಿ ಹೇಳುವ ಹೆಸರುಗಳನ್ನು ಮೊದಲು ಬಿಡಿಬಿಡಿಯಾಗಿ ನೋಡೋಣ. ಯುನೆಸ್ಕೋ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕರ್ನಾಟಕದ ಹತ್ತು ತಾಣಗಳು ಅದರಲ್ಲಿವೆ. ಕುದುರೆಮುಖ, ಸೋಮೇಶ್ವರ, ಆಗುಂಬೆ, ಪುಷ್ಪಗಿರಿ ಅವುಗಳಲ್ಲಿ ಕೆಲವು. ಇದರಿಂದ ಹೊಸ ಕಾನೂನೇನೂ ಹುಟ್ಟಲಿಲ್ಲ. ಅದಾಗಲೇ ಇದ್ದ ಭಾರತದ ಕಾನೂನುಗಳ ರಕ್ಷಣೆಯನ್ನು ನಂಬಿಯೇ ಆ ಪಟ್ಟಿ ತಯಾರಾಯಿತು, ಮತ್ತು ಯಾರನ್ನಾದರೂ ಎಬ್ಬಿಸುವ ಅಧಿಕಾರ ಯುನೆಸ್ಕೋಗೆ ಇಲ್ಲ. ಇನ್ನು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಯಾವುದೆಂದು ಗುರುತಿಸಿದ ಕಸ್ತೂರಿರಂಗನ್ ನೇತೃತ್ವದ ಕಾರ್ಯಪಡೆ ವರದಿ ಕೊಟ್ಟದ್ದು 2013ರಲ್ಲಿ. ಅದನ್ನು ಆಧರಿಸಿ ಕೇಂದ್ರವು 2014ರಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಲೇ ಬಂದು, 2024ರ ಜುಲೈ 31ರಂದು ಆರನೆಯದನ್ನು ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಒಂದು ವೇಳೆ ಅದು ನಾಳೆ ಅಂತಿಮವಾದರೂ ತಡೆಯುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ಗಣಿ, ಉಷ್ಣ ವಿದ್ಯುತ್ ಸ್ಥಾವರ, ಅತಿ ಮಾಲಿನ್ಯದ ಕಾರ್ಖಾನೆ, ಇಪ್ಪತ್ತು ಸಾವಿರ ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳಂಥವನ್ನು. ಮನೆಗೆ ಸುಣ್ಣ ಬಳಿಯಲೂ ಬಿಡುವುದಿಲ್ಲ ಎಂದು ಚುನಾವಣೆಯ ಹೊತ್ತಿಗೆ ಮೈಕಿನಲ್ಲಿ ಕೇಳಿದ ಮಾತನ್ನು ಮರೆತುಬಿಡಿ. ಇರುವ ಮನೆಯ ರಿಪೇರಿಗಾಗಲಿ ಜಮೀನಿನ ಮಾಲೀಕತ್ವ ಬದಲಾಗುವುದಕ್ಕಾಗಲಿ ತಡೆಯಿಲ್ಲ ಎಂದು ಕರಡಿನಲ್ಲೇ ಬರೆದಿದೆ.

ಉದ್ಯಾನ, ಅಭಯಾರಣ್ಯಗಳ ಸುತ್ತ ಗುರುತಿಸುವ ಪರಿಸರ ಸೂಕ್ಷ್ಮ ವಲಯ ಇವೆರಡಕ್ಕೂ ಸೇರದ ಮೂರನೆಯ ಸಂಗತಿ. ಪ್ರತಿಯೊಂದು ಸಂರಕ್ಷಿತ ಪ್ರದೇಶದ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಇರಲೇಬೇಕೆಂದು ಸುಪ್ರೀಂ ಕೋರ್ಟು 2022ರ ಜೂನ್ 3ರಂದು ಹೇಳಿತ್ತು. 2023ರ ಏಪ್ರಿಲ್ 26ರಂದು ಆ ಕಡ್ಡಾಯವನ್ನು ಸಡಿಲಿಸಿ, ಗಣಿಗಾರಿಕೆಯ ನಿಷೇಧವನ್ನು ಹಾಗೆಯೇ ಉಳಿಸಿಕೊಂಡಿತು. ಈ ವಲಯದಲ್ಲಿ ಬೇಸಾಯಕ್ಕೆ ಅಡ್ಡಿಯಿಲ್ಲ, ಸ್ವಂತ ವಾಸದ ಮನೆಗೂ ಅಡ್ಡಿಯಿಲ್ಲ. ಹೊಸ ರೆಸಾರ್ಟಿಗೆ ಇದೆ. ಹುಲಿ ಯೋಜನೆಯ ವಿಷಯಕ್ಕೆ ಬಂದರೆ, ರಾಜ್ಯದ ಹುಲಿ ಸಂರಕ್ಷಿತ ಪ್ರದೇಶಗಳು ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ ಮತ್ತು ಬಿಳಿಗಿರಿರಂಗನ ಬೆಟ್ಟ. ಕುದುರೆಮುಖ ಆ ಪಟ್ಟಿಯಲ್ಲಿಲ್ಲ. ಮುಂದೆ ಸೇರಿತೆಂದೇ ಇಟ್ಟುಕೊಳ್ಳಿ, ಅಲ್ಲಿಯೂ ಒಪ್ಪಿಗೆಯಿಲ್ಲದ ಸ್ಥಳಾಂತರಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಮೊದಲು ಜನರ ಹಕ್ಕುಗಳು ದಾಖಲಾಗಬೇಕು, ಜನ ಮತ್ತು ಪ್ರಾಣಿ ಜೊತೆಗೆ ಇರಲು ಬೇರೆ ದಾರಿಯಿಲ್ಲವೆಂಬುದು ತೀರ್ಮಾನವಾಗಬೇಕು, ಗ್ರಾಮಸಭೆ ವಿಷಯ ತಿಳಿದು ಒಪ್ಪಬೇಕು, ಹೋಗುವ ಜಾಗದಲ್ಲಿ ಭೂಮಿ ಮತ್ತು ಸೌಲಭ್ಯ ಸಿದ್ಧವಾಗಿರಬೇಕು ಎಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಸೇರಿಸಿದ 38ವಿ ಕಲಮು ಹೇಳುತ್ತದೆ.

ಹಾಗಾದರೆ ನಿಮಗೆ ನಿಜವಾಗಿ ಅನ್ವಯಿಸುವ ಗೆರೆ ಯಾವುದು? ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಉದ್ದೇಶವನ್ನು ಸರ್ಕಾರ 1987ರಲ್ಲಿ ಪ್ರಕಟಿಸಿತು. ಅಂತಿಮ ಅಧಿಸೂಚನೆ ಹೊರಟದ್ದು 2001ರಲ್ಲಿ. ಮೊದಲನೆಯದು ವನ್ಯಜೀವಿ ಕಾಯ್ದೆಯ 35ನೇ ಕಲಮಿನ ಒಂದನೇ ಉಪಕಲಮು, ಎರಡನೆಯದು ನಾಲ್ಕನೇ ಉಪಕಲಮು. ಈ ಎರಡರ ನಡುವೆ ಜಿಲ್ಲಾಧಿಕಾರಿ ಅಥವಾ ಸರ್ಕಾರ ನೇಮಿಸಿದ ಅಧಿಕಾರಿ ಜನರ ಹಕ್ಕುಗಳನ್ನು ವಿಚಾರಿಸಿ, ಒಂದೋ ಆ ಜಮೀನನ್ನು ಗಡಿಯಿಂದ ಹೊರಗಿಡಬೇಕು, ಇಲ್ಲವೇ ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳಬೇಕು. ಅಭಯಾರಣ್ಯದಲ್ಲಾದರೆ ಹಕ್ಕನ್ನು ಒಳಗೇ ಮುಂದುವರಿಸಲು ಬಿಡುವ ಮೂರನೆಯ ದಾರಿಯೂ ಇದೆ; ರಾಷ್ಟ್ರೀಯ ಉದ್ಯಾನಕ್ಕೆ ಆ ದಾರಿಯನ್ನು ಕಾಯ್ದೆ ಕೊಟ್ಟಿಲ್ಲ. ಉದ್ಯಾನದೊಳಗಿನ ಎಲ್ಲ ಹಕ್ಕುಗಳೂ ಸರ್ಕಾರಕ್ಕೆ ಸೇರಿದ ನಂತರವೇ ಅಂತಿಮ ಅಧಿಸೂಚನೆ ಹೊರಡಬೇಕು. ಆದ್ದರಿಂದ ಸ್ವಾಧೀನವಾಗದೆ ಇಂದಿಗೂ ಪಹಣಿಯಲ್ಲಿ ನಿಮ್ಮ ಅಜ್ಜನ ಹೆಸರಿನಲ್ಲೇ ಇರುವ ಪಟ್ಟಾ ಜಮೀನು ಬಹುಮಟ್ಟಿಗೆ ಗಡಿಯಿಂದ ಹೊರಗಿಟ್ಟ ತುಂಡು ಆಗಿರುತ್ತದೆ. ನಾಲ್ಕೂ ಕಡೆ ಉದ್ಯಾನ ಸುತ್ತುವರಿದಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು ಉದ್ಯಾನವಲ್ಲ. ನಿಮ್ಮ ಒಂದೂವರೆ ಎಕರೆ ಒತ್ತುವರಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದು ಉದ್ಯಾನದ ಒಳಗೇ ಬಿದ್ದಿರುವ ಸಂಭವ ಹೆಚ್ಚು.

ಇದು ಊಹೆಯಲ್ಲಿ ನಿಲ್ಲಬಾರದು. 2001ರ ಅಧಿಸೂಚನೆಯ ಪ್ರತಿಯನ್ನು ಅದರ ಗಡಿ ವಿವರಣೆ ಮತ್ತು ಹೊರಗಿಟ್ಟ ಸರ್ವೆ ನಂಬರುಗಳ ಪಟ್ಟಿಯ ಸಮೇತ, ಕುದುರೆಮುಖ ವನ್ಯಜೀವಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಯವರ ಕಚೇರಿಯಿಂದ ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ತಾಲ್ಲೂಕು ಕಚೇರಿಯಿಂದ ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ) ಮತ್ತು ಗ್ರಾಮ ನಕಾಶೆ ತೆಗೆಸಿ. ಮಲೆನಾಡಿನಲ್ಲಿ ಸೆಕ್ಷನ್ ನಾಲ್ಕು (ಮೀಸಲು ಅರಣ್ಯ ಮಾಡುವ ಉದ್ದೇಶದ ಪ್ರಕಟಣೆ), ಸೆಕ್ಷನ್ ಹದಿನೇಳು (ಘೋಷಿತ ಮೀಸಲು ಅರಣ್ಯ), ಡೀಮ್ಡ್ ಫಾರೆಸ್ಟ್ (ಘೋಷಣೆಯಿಲ್ಲದೆಯೂ ಅರಣ್ಯವೆಂದು ಪರಿಗಣಿಸಿದ ಭೂಮಿ) ಎಂದು ಒಂದರ ಮೇಲೊಂದು ಗೆರೆಗಳಿರುವುದರಿಂದ, ಪಟ್ಟಾ ಜಮೀನಿಗೂ ಕೆಲವೊಮ್ಮೆ ತಪ್ಪಾಗಿ ಅರಣ್ಯದ ನಮೂದು ಬಿದ್ದಿರುತ್ತದೆ. ಅಂಥದ್ದು ಕಂಡರೆ ಅರಣ್ಯ ಮತ್ತು ಕಂದಾಯ ಇಲಾಖೆಗಳ ಜಂಟಿ ಸರ್ವೆಗೆ ಅರ್ಜಿ ಹಾಕಿ. ವಿಳಂಬವಾದರೂ ಅದೇ ಸರಿಯಾದ ದಾರಿ.

ಬರಿಗೈಯಲ್ಲಿ ಎಬ್ಬಿಸುವ ಮಾತಿಗೆ ಬರೋಣ. ಪಟ್ಟಾ ಜಮೀನನ್ನು ಸರ್ಕಾರ ಬಲವಂತವಾಗಿ ಪಡೆಯಬೇಕಾದರೆ ಭೂಸ್ವಾಧೀನ ಮಾಡಲೇಬೇಕು, ಪರಿಹಾರ ಕೊಡಲೇಬೇಕು. ಒತ್ತುವರಿಯಲ್ಲಿರುವವರಿಗೂ 2006ರ ಅರಣ್ಯ ಹಕ್ಕು ಕಾಯ್ದೆ ಒಂದು ರಕ್ಷಣೆ ಕೊಟ್ಟಿದೆ. ಹಕ್ಕುಗಳ ಪರಿಶೀಲನೆ ಮತ್ತು ಮಾನ್ಯತೆಯ ಕೆಲಸ ಮುಗಿಯುವವರೆಗೆ ಅರಣ್ಯವಾಸಿಗಳನ್ನು ತೆರವುಗೊಳಿಸುವಂತಿಲ್ಲ, ಮತ್ತು ಈ ಕಾಯ್ದೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೂ ಅನ್ವಯಿಸುತ್ತದೆ. ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು 2019ರ ಫೆಬ್ರವರಿ 13ರಂದು ಆದೇಶಿಸಿದಾಗ ಮಲೆನಾಡಿನಲ್ಲೆಲ್ಲ ಗಾಬರಿಯಾಗಿತ್ತು. ಅದೇ ತಿಂಗಳ 28ರಂದು ಕೋರ್ಟೇ ಅದಕ್ಕೆ ತಡೆ ಕೊಟ್ಟಿತು. ಮೊದಲನೆಯ ಸುದ್ದಿ ಎಲ್ಲರಿಗೂ ಗೊತ್ತು, ಎರಡನೆಯದು ಅರ್ಧ ಊರಿಗೆ ತಲುಪಲಿಲ್ಲ.

ಇಷ್ಟು ಹೇಳಿದ ಮೇಲೆ, ಉಳಿದರೆ ಏನೂ ಆಗುವುದಿಲ್ಲ ಎಂಬ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತೆಗೆಯಬೇಕು. ಕಾನೂನು ನಿಮ್ಮನ್ನು ಎಬ್ಬಿಸುವುದಿಲ್ಲ, ಆದರೆ ಊರು ಖಾಲಿಯಾಗುತ್ತ ಹೋಗುವುದು ಎಬ್ಬಿಸಬಹುದು. ಹನ್ನೆರಡರಲ್ಲಿ ಐದು ಮನೆ ಹೋದರೆ ಶಾಲೆಗೆ ಮಕ್ಕಳು ಸಾಲುವುದಿಲ್ಲ, ಜೀಪಿನವನಿಗೆ ಬಾಡಿಗೆ ಗಿಟ್ಟುವುದಿಲ್ಲ, ಕಾಲುಸಂಕ ಕಟ್ಟಲು ಆಳು ಸಿಗುವುದಿಲ್ಲ, ಪಕ್ಕದ ತೋಟ ಹಾಳುಬಿದ್ದು ಕಾಟಿ (ಕಾಡುಕೋಣ), ಕಾಡುಹಂದಿ, ಮಂಗ ನಿಮ್ಮ ಅಂಗಳದವರೆಗೆ ಬರುತ್ತವೆ. ಬೆಳೆ ಹಾನಿಗೆ ಇಲಾಖೆಯ ಪರಿಹಾರ ಇದೆ, ಆದರೆ ಅದು ನಷ್ಟಕ್ಕೆ ಸಮನಾಗುವುದು ಅಪರೂಪ. ನಾನು ಕಂಡ ಕುಟುಂಬಗಳಲ್ಲಿ ಹೆಚ್ಚು ಕಷ್ಟಪಟ್ಟವರು ಹೋದವರೂ ಅಲ್ಲ, ಇಡೀ ಊರಾಗಿ ಉಳಿದವರೂ ಅಲ್ಲ. ಅರ್ಧ ಖಾಲಿಯಾದ ಊರಿನಲ್ಲಿ ತೀರ್ಮಾನವಿಲ್ಲದೆ ವರ್ಷಗಟ್ಟಲೆ ಉಳಿದವರು. ಈ ಕಾರಣಕ್ಕೆ ಉಳಿದ ಏಳು ಮನೆಯವರು ಒಟ್ಟಿಗೆ ಕುಳಿತು ಯೋಚಿಸುವುದು, ನಿಮ್ಮ ಮನೆಯೊಳಗಿನ ಚರ್ಚೆಯಷ್ಟೇ ಮುಖ್ಯ.

ಇಲಾಖೆ ಊರುಗಳನ್ನು ಹೊರಗೆ ತರಲು ಏಕೆ ಇಷ್ಟು ಉತ್ಸಾಹ ತೋರುತ್ತದೆ ಎಂಬುದನ್ನೂ ಹೇಳಬೇಕು. ಎರಡು ದಶಕಕ್ಕೂ ಹೆಚ್ಚು ಕಾಲ ಬೆಟ್ಟ ಕೊರೆದ ಗಣಿ ಕಂಪನಿಯನ್ನು ಅಷ್ಟು ವರ್ಷ ನೋಡುತ್ತ ಕುಳಿತವರಿಗೆ ನಮ್ಮ ಮೂರು ಎಕರೆ ಕಣ್ಣಿಗೆ ಕಾಣುತ್ತದೆಯೇ ಎಂದು ನಿಮ್ಮ ಕಡೆಯವರು ಕೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ, ಅದಕ್ಕೆ ನನ್ನಲ್ಲಿ ಎದುರುತ್ತರವೂ ಇಲ್ಲ. ಆ ಗಣಿಗಾರಿಕೆ ಸುಪ್ರೀಂ ಕೋರ್ಟಿನ 2002ರ ತೀರ್ಪಿನ ನಂತರ, 2005ರ ಕೊನೆಗೆ ನಿಂತಿತು. ಆದರೂ ಸಣ್ಣ ಊರುಗಳಿಂದ ಆಗುವ ಒತ್ತಡ ಸುಳ್ಳಲ್ಲ. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ. ಮರದಿಂದ ಮರಕ್ಕೆ ಹೋಗುವ ಅದಕ್ಕೆ ಕೊಂಬೆಗಳ ಸಾಲು ತುಂಡಾದರೆ ಗುಂಪು ಗುಂಪಾಗಿ ಬೇರೆಯಾಗುತ್ತದೆ, ಮತ್ತು ಸಣ್ಣ ಗುಂಪು ಹೆಚ್ಚು ಕಾಲ ಬಾಳುವುದಿಲ್ಲ. ಕಾಡನ್ನು ತುಂಡರಿಸುವುದು ಮನೆಗಿಂತ ಹೆಚ್ಚಾಗಿ ಮನೆಗೆ ಬೇಕಾದ ರಸ್ತೆ, ವಿದ್ಯುತ್ ತಂತಿ, ದನದ ದಾರಿ, ಸೊಪ್ಪು ಮತ್ತು ತರಗೆಲೆಗಾಗಿ ಬೋಳಾಗುವ ಬೆಟ್ಟ. ಕಣಿವೆಯ ಗದ್ದೆ ಪಾಳುಬಿದ್ದರೆ ಅದೇ ಹುಲ್ಲುಗಾವಲಾಗಿ ಕಡವೆ, ಕಾಟಿಗಳಿಗೆ ಮೇವಿನ ತಾಣವಾಗುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಇದೇ ಬೆಟ್ಟಸಾಲಿನಲ್ಲಿ ಹುಟ್ಟುವುದರಿಂದ ಇಲ್ಲಿನ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಬೆಲೆ ಬಯಲುಸೀಮೆಯವರೆಗೂ ಹರಡಿದೆ. ಎಲ್ಲ ಊರುಗಳಿಂದಲೂ ಒಂದೇ ಪ್ರಮಾಣದ ಹಾನಿಯಾಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ದೊರೆತದ್ದು ಬೇರೆ ದಾರಿಯೂ ಇದೆ ಎಂಬುದಕ್ಕೆ ಸಾಕ್ಷಿ.

ಪುನರ್ವಸತಿ ಒಳ್ಳೆಯದಾಗಿ ಮುಗಿಯುವುದೂ ಉಂಟು, ಕೆಟ್ಟದಾಗಿ ಮುಗಿಯುವುದೂ ಉಂಟು. ಎರಡಕ್ಕೂ ದೂರ ಹೋಗಬೇಕಾಗಿಲ್ಲ. ಭದ್ರಾ ಅಭಯಾರಣ್ಯದೊಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಹೋದವು. ಅಲ್ಲಿ ಜಮೀನಿಗೆ ಬದಲು ಜಮೀನು ಸಿಕ್ಕಿತು, ಎಂ.ಸಿ. ಹಳ್ಳಿಗೆ ಭದ್ರಾ ನಾಲೆಯ ನೀರೂ ಇತ್ತು. ಜನರೇ ಹೊರಬರಬೇಕೆಂದು ಕೇಳುತ್ತಿದ್ದರು, ಮತ್ತು ಆಡಳಿತ, ಅರಣ್ಯ ಇಲಾಖೆ, ಸ್ಥಳೀಯ ಸಂರಕ್ಷಕರು ಒಟ್ಟಾಗಿ ಬೆನ್ನು ಹತ್ತಿದರು. ದೇಶದಲ್ಲಿ ಇಂದಿಗೂ ಉದಾಹರಣೆಯಾಗಿ ಹೇಳುವ ಪುನರ್ವಸತಿ ಅದು. ನಾಗರಹೊಳೆಯಲ್ಲಿ 1970ರ ದಶಕದಿಂದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಹೊರಬಂದ ಬಗೆ ಬೇರೆ. ಕಾಗದವಿಲ್ಲ, ಜಮೀನಿಲ್ಲ, ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಲೈನ್‌ಮನೆ ಸೇರಿದರು. ಕೆಲವು ಜೇನುಕುರುಬ ಕುಟುಂಬಗಳು 2025ರಲ್ಲಿ ಕಾಡಿನೊಳಗಿನ ತಮ್ಮ ಹಳೆಯ ಹಾಡಿಗೆ ಮರಳಿ ಬಂದು ಹಕ್ಕು ಕೇಳಿದ್ದು ಆ ಹಳೆಯ ಲೆಕ್ಕ ಇನ್ನೂ ಮುಗಿಯದಿರುವುದರಿಂದಲೇ. ಈ ಎರಡನ್ನೂ ಬೇರೆ ಮಾಡಿದ್ದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಹೋದ ಕಡೆ ಕಾಯುತ್ತಿದ್ದ ಭೂಮಿ ಮತ್ತು ಕೈಯಲ್ಲಿದ್ದ ದಾಖಲೆ.

ಈಗ ಹದಿನೈದು ಲಕ್ಷದ ಮಾತು. ಹುಲಿ ಸಂರಕ್ಷಿತ ಪ್ರದೇಶಗಳಿಂದ ಸ್ವಇಚ್ಛೆಯಿಂದ ಹೊರಬರುವವರಿಗೆ ಕೇಂದ್ರದ ಯೋಜನೆಯಲ್ಲಿ ಮೊದಲು ಹತ್ತು ಲಕ್ಷ ಇತ್ತು, 2021ರಲ್ಲಿ ಅದು ಹದಿನೈದು ಲಕ್ಷವಾಯಿತು. ಅದು ತಲೆಗಲ್ಲ, ಕುಟುಂಬಕ್ಕೆ. ಆದರೆ ಕುಟುಂಬವನ್ನು ಎಣಿಸುವ ಕ್ರಮ ಬೇರೆ: ಹದಿನೆಂಟು ತುಂಬಿದ ಮಗ ಮದುವೆಯಾಗಿರಲಿ ಬಿಡಲಿ ಪ್ರತ್ಯೇಕ ಕುಟುಂಬ, ಹದಿನೆಂಟು ತುಂಬಿದ ಅವಿವಾಹಿತ ಮಗಳು, ವಿಧವೆ, ವಿಚ್ಛೇದಿತೆ, ಅಂಗವಿಕಲರು ಕೂಡ ಪ್ರತ್ಯೇಕ ಕುಟುಂಬ. ಕುದುರೆಮುಖ ಹುಲಿ ಸಂರಕ್ಷಿತ ಪ್ರದೇಶವಲ್ಲದ ಕಾರಣ ನಿಮಗೆ ಅನ್ವಯಿಸುವುದು ರಾಜ್ಯ ಸರ್ಕಾರದ ಆದೇಶ. ಆದ್ದರಿಂದ ಹೇಳಿಕೆ ಕೇಳಬೇಡಿ, ಆ ಆದೇಶದ ಪ್ರತಿಯನ್ನೇ ಕೇಳಿ. ಅದರಲ್ಲಿ ಕುಟುಂಬದ ಎಣಿಕೆ ಹೇಗೆ, ಅರ್ಹತೆಯ ಕಡೆಯ ದಿನಾಂಕ ಯಾವುದು ಎಂಬುದನ್ನು ನೋಡಿ. ನಿಮ್ಮ ಅಣ್ಣ ಬೆಂಗಳೂರಿನಲ್ಲಿದ್ದು, ಮತದಾರರ ಪಟ್ಟಿಯಿಂದಲೂ ಪಡಿತರ ಚೀಟಿಯಿಂದಲೂ ಹೆಸರು ತೆಗೆಸಿದ್ದರೆ, ಅವರನ್ನು ಇಲ್ಲಿನ ಪ್ರತ್ಯೇಕ ಕುಟುಂಬವೆಂದು ಒಪ್ಪಿಸುವುದು ಕಷ್ಟ. ಅವರ ಆತುರಕ್ಕೆ ಈ ಲೆಕ್ಕವೂ ಕಾರಣವಾಗಿರಬಹುದಾದ್ದರಿಂದ ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.

ಜಮೀನು ಹೆಚ್ಚಿಲ್ಲದವರಿಗೆ ಇಡಿಗಂಟಿನ ಮೊತ್ತ ಲಾಭ. ಮೂರು ಎಕರೆ ತೋಟವಿರುವವರು ಆಸ್ತಿಯ ಮೌಲ್ಯಮಾಪನದ ಮೇಲೆಯೇ ನಿಲ್ಲಬೇಕು. ಜಮೀನಿನ ಬೆಲೆಯನ್ನು ಕಂದಾಯ ಇಲಾಖೆ, ಮನೆಯದನ್ನು ಲೋಕೋಪಯೋಗಿ ಎಂಜಿನಿಯರು, ಮರಗಳದನ್ನು ತೋಟಗಾರಿಕೆ ಇಲಾಖೆ ಕಟ್ಟುವುದು ವಾಡಿಕೆ. ಇಲ್ಲಿಯೇ ನಿಮಗೆ ಎರಡು ಪೆಟ್ಟು ಬೀಳುತ್ತದೆ. ಒಳಗಿನ ಊರುಗಳಲ್ಲಿ ಕ್ರಯವೇ ನಡೆಯದಿರುವುದರಿಂದ ನೋಂದಣಿ ದರ ಕೆಳಮಟ್ಟದಲ್ಲಿರುತ್ತದೆ. ರೋಗ ಬಿದ್ದ ಅಡಿಕೆ ಮರಕ್ಕೆ ಆರೋಗ್ಯವಂತ ಮರದ ಬೆಲೆ ಬರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಗ್ರಾಮೀಣ ಭೂಮಿಯ ಮಾರುಕಟ್ಟೆ ಬೆಲೆಯನ್ನು ಎರಡರವರೆಗಿನ ಗುಣಕದಿಂದ ಹೆಚ್ಚಿಸಿ, ಅದರ ಮೇಲೆ ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಸೇರಿಸಬೇಕು. ಸ್ವಯಂಪ್ರೇರಿತ ಪುನರ್ವಸತಿಯೆಂಬ ಹೆಸರಿನಲ್ಲಿ ಈ ಸೂತ್ರ ಬಿಟ್ಟುಹೋಗಿದೆಯೇ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ. ನೀವು ಕೊಡುವುದು ಅರ್ಜಿಯೋ ಅಂತಿಮ ಒಪ್ಪಿಗೆಯೋ ಎಂಬುದನ್ನೂ ಓದಿ ನೋಡಿ. ಮೌಲ್ಯಮಾಪನ ಮಾಡಿಸಿಕೊಳ್ಳಲು ಅರ್ಜಿ ಹಾಕಿದ ಮಾತ್ರಕ್ಕೆ ಊರು ಬಿಡಬೇಕಾಗಿಲ್ಲ. ಮೊತ್ತ ಕೈಗೆ ಬರುವ ಮೊದಲೇ ಹಕ್ಕುಬಿಡುಗಡೆಯ ಪತ್ರಕ್ಕೆ ಸಹಿ ಹಾಕುವುದು ಮಾತ್ರ ಎಂದಿಗೂ ಬೇಡ.

ಒಂದೂವರೆ ಎಕರೆ ಒತ್ತುವರಿ ನಿಮ್ಮ ಕಡತದಲ್ಲಿ ದುರ್ಬಲವಾದ ಭಾಗ. ಅರಣ್ಯ ಭೂಮಿಯನ್ನು ಬಗರ್‌ಹುಕುಂ ಅರ್ಜಿಯಲ್ಲಿ ಸಕ್ರಮ ಮಾಡಲು ಬರುವುದಿಲ್ಲ. ಆ ಅರ್ಜಿಯ ನಮೂನೆಯಾದ ಫಾರಂ 57 ಹಾಕಿಕೊಡುತ್ತೇವೆಂದು ಹಣ ಕೇಳುವವರನ್ನು ದೂರವಿಡಿ. ಅರಣ್ಯ ಹಕ್ಕು ಕಾಯ್ದೆಯೊಂದೇ ದಾರಿ. ಅದರ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿಯಲ್ಲಿದ್ದಿರಬೇಕು. ಮಲೆಕುಡಿಯ, ಗೌಡಲು ಮುಂತಾದ ಪರಿಶಿಷ್ಟ ಪಂಗಡದವರಾದರೆ ಇಷ್ಟೇ ಸಾಕು. ಇತರರಾದರೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವನ್ನು ಅವಲಂಬಿಸಿ ಅಲ್ಲಿ ವಾಸವಿದ್ದುದಕ್ಕೆ ಆಧಾರ ಬೇಕು. ಮಲೆನಾಡಿನ ಬಹಳಷ್ಟು ಅರ್ಜಿಗಳು ಬಿದ್ದುಹೋದದ್ದು ಇಲ್ಲಿ. ಆದರೆ ಕಾಯ್ದೆಯ ಪದಗಳನ್ನು ಸರಿಯಾಗಿ ಓದಿದರೆ, 75 ವರ್ಷ ತೋರಿಸಬೇಕಾದದ್ದು ಆ ಪ್ರದೇಶದ ವಾಸ ಮತ್ತು ಅವಲಂಬನೆಯನ್ನು. ಆ ಒಂದೂವರೆ ಎಕರೆಯನ್ನೇ 75 ವರ್ಷ ಉತ್ತಿರಬೇಕೆಂದಿಲ್ಲ. ಹಳೆಯ ಪಟ್ಟಾ, ಕಂದಾಯದ ರಸೀದಿ, ಅಜ್ಜನ ಮೇಲೆ ಇಲಾಖೆ ಹಾಕಿದ್ದ ಒತ್ತುವರಿ ಮೊಕದ್ದಮೆ ಅಥವಾ ದಂಡದ ರಸೀದಿ, ಊರ ಹಿರಿಯರ ಹೇಳಿಕೆ ಇವೆಲ್ಲ ಸಾಕ್ಷ್ಯಗಳೇ. ಅಂದು ಅವಮಾನವೆನಿಸಿದ ದಂಡದ ರಸೀದಿ ಇಂದು ಮನೆಯಲ್ಲಿರುವ ಅತ್ಯುತ್ತಮ ದಾಖಲೆಯಾಗಬಹುದು. ಅರ್ಜಿ ಮೊದಲು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಹೋಗುತ್ತದೆ. ತಿರಸ್ಕಾರವಾದರೆ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಅರವತ್ತು ದಿನಗಳೊಳಗೆ ಮೇಲ್ಮನವಿ. ಸಿಗುವ ಹಕ್ಕುಪತ್ರ ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಈ ಅರ್ಜಿ ಇತ್ಯರ್ಥವಾಗುವ ಮೊದಲೇ ಪುನರ್ವಸತಿಗೆ ಅಂತಿಮ ಸಹಿ ಹಾಕಿದರೆ ಆ ಭೂಮಿಗೆ ಬೆಲೆ ಬರುವ ಸಂಭವ ಬಹಳ ಕಡಿಮೆ. ಹೆಚ್ಚೆಂದರೆ ಮರಗಳಿಗೆ ಬಂದೀತು.

ಇದೆಲ್ಲಕ್ಕಿಂತ ಮೊದಲು ಅಜ್ಜನ ಹೆಸರು. ಪಹಣಿ ಇನ್ನೂ ಅವರ ಹೆಸರಿನಲ್ಲಿದ್ದರೆ, ಹೋಗುವುದಾದರೂ ಉಳಿಯುವುದಾದರೂ ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಲೇಬೇಕು. ನಿಮ್ಮ ಅಪ್ಪನಿಗೆ ಅಣ್ಣತಮ್ಮಂದಿರು, ಅಕ್ಕತಂಗಿಯರಿದ್ದರೆ ಅವರೂ, ಅವರು ತೀರಿಹೋಗಿದ್ದರೆ ಅವರ ಮಕ್ಕಳೂ ವಾರಸುದಾರರು. ಪರಿಹಾರದ ಮೊತ್ತ ಮಂಜೂರಾಗಿ, ಎಲ್ಲೋ ದೂರದ ಊರಿನಲ್ಲಿರುವ ಒಬ್ಬ ವಾರಸುದಾರರ ತಕರಾರಿನಿಂದ ನ್ಯಾಯಾಲಯದ ಠೇವಣಿಯಲ್ಲಿ ಕುಳಿತ ಪ್ರಕರಣಗಳನ್ನು ಕಂಡಿದ್ದೇನೆ. ಅಂಥ ಕಡೆ ಕುಟುಂಬಕ್ಕೆ ಊರೂ ಇಲ್ಲ, ಹಣವೂ ಇಲ್ಲ. ಸಹಕಾರ ಸಂಘದ ಬೆಳೆಸಾಲ ಬಾಕಿಯಿದ್ದರೆ ಅದನ್ನೂ ಲೆಕ್ಕಕ್ಕೆ ತಂದುಕೊಳ್ಳಿ.

ಹೊರಗಿನವರಿಗೆ ಮಾರುವ ಯೋಚನೆಯನ್ನು ನಾನಾಗಿದ್ದರೆ ಬಿಡುತ್ತೇನೆ. ಉದ್ಯಾನದ ಉದ್ದೇಶ ಪ್ರಕಟವಾದ ಮೇಲೆ ಗಡಿಯೊಳಗಿನ ಭೂಮಿಯಲ್ಲಿ ಉತ್ತರಾಧಿಕಾರ ಅಥವಾ ಉಯಿಲಿನಿಂದಲ್ಲದೆ ಹೊಸ ಹಕ್ಕು ಹುಟ್ಟುವುದಿಲ್ಲ ಎಂದು ವನ್ಯಜೀವಿ ಕಾಯ್ದೆಯ 20ನೇ ಕಲಮು ಹೇಳುತ್ತದೆ. ನಿಮ್ಮ ತುಂಡು ಗಡಿಯಿಂದ ಹೊರಗಿದ್ದರೆ ಆ ತಡೆ ಇಲ್ಲ. ಆದರೆ ಅಂಥ ಜಾಗಕ್ಕೆ ಮುಂಗಡ ಹಿಡಿದು ಬರುವವರು ಹೆಚ್ಚಾಗಿ ರೆಸಾರ್ಟು ಕಟ್ಟುವ ಆಸೆಯವರು, ಅನುಮತಿ ಸಿಗದಿದ್ದಾಗ ಕರಾರು ಮುರಿದು ವ್ಯಾಜ್ಯಕ್ಕೆ ನಿಲ್ಲುವವರೂ ಅವರೇ.

ಉಳಿಯುವುದಾದರೆ ರಸ್ತೆ ಮತ್ತು ಕರೆಂಟು. ಅರಣ್ಯ ಹಕ್ಕು ಕಾಯ್ದೆಯು ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ಮಾರ್ಗ, ರಸ್ತೆ ಸೇರಿ ಹದಿಮೂರು ಬಗೆಯ ಸೌಲಭ್ಯಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ಅವಕಾಶ ಕೊಟ್ಟಿದೆ. ಹೆಕ್ಟೇರಿಗೆ 75 ಮರಗಳಿಗಿಂತ ಹೆಚ್ಚು ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಕಾಗದದ ಮೇಲೆ ಇದು ಸುಲಭ. ರಾಷ್ಟ್ರೀಯ ಉದ್ಯಾನದಲ್ಲಿ ವನ್ಯಜೀವಿ ಕಾಯ್ದೆಯ ಅನುಮತಿಯ ಪ್ರಶ್ನೆಯೂ ಏಳುವುದರಿಂದ ಕಡತ ವರ್ಷಗಟ್ಟಲೆ ನಿಲ್ಲುತ್ತದೆ, ಮತ್ತು ಏಳು ಮನೆಗಳಿಗಾಗಿ ಡಾಂಬರು ರಸ್ತೆ ಬರುತ್ತದೆಂದು ನಂಬಿ ಉಳಿಯಬೇಡಿ. ಕಾಲುಸಂಕ, ಇರುವ ಮಣ್ಣುರಸ್ತೆಯ ದುರಸ್ತಿ, ಸೌರ ವಿದ್ಯುತ್ತು, ಇಲ್ಲವೇ ಹೊದಿಕೆಯಿರುವ ಕೇಬಲ್ಲು ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಹೋಂಸ್ಟೇ ಆದಾಯವನ್ನೂ ಹಿಗ್ಗಿಸಿ ಲೆಕ್ಕ ಹಾಕಬೇಡಿ. ಕುದುರೆಮುಖ ಶಿಖರಕ್ಕೇ ಇಲಾಖೆ 2024ರಲ್ಲಿ ದಿನಕ್ಕೆ 300 ಚಾರಣಿಗರ ಮಿತಿ ಹಾಕಿದೆ, ಮತ್ತು ಆ ದಾರಿಯಲ್ಲಿಲ್ಲದ ಊರಿಗೆ ಅದರ ಲಾಭ ತಲುಪುವುದಿಲ್ಲ.

ಹೋಗುವುದಾದರೆ ನನ್ನ ಸಲಹೆ ಒಂದೇ: ನಗದಿಗಿಂತ ಮೊದಲು ನೆಲ. ಜಮೀನಿಗೆ ಬದಲು ಜಮೀನಿನ ಆಯ್ಕೆಯಿದ್ದರೆ ಆ ಜಾಗವನ್ನು ಬೇಸಿಗೆಯಲ್ಲಿ ಹೋಗಿ ನೋಡಿ, ನೀರು ಎಲ್ಲಿಂದ, ಹಕ್ಕುಪತ್ರ ಯಾರ ಹೆಸರಿಗೆ, ಅದೂ ಇನ್ನೊಂದು ಅರಣ್ಯದ ಗೆರೆಯೊಳಗೆ ಬಿದ್ದಿಲ್ಲವೇ ಎಂದು ವಿಚಾರಿಸಿ. ನಗದೇ ಆದರೆ ಸಹಿಗೆ ಮೊದಲು ಕೊಳ್ಳುವ ಜಮೀನನ್ನು ಗೊತ್ತುಮಾಡಿಕೊಳ್ಳಿ. ಹಣ ಬಂದ ಮೇಲೆ ಹುಡುಕೋಣ ಎಂದುಕೊಂಡವರು ಪೇಟೆಯ ಸೈಟು, ವಾಹನ, ಮದುವೆಗಳಲ್ಲಿ ಅದನ್ನು ಮುಗಿಸಿದ್ದನ್ನು ಹೆಚ್ಚಾಗಿ ಕಂಡಿದ್ದೇನೆ. ಅಪ್ಪನ ಹೆಸರಿನ ಪಾಲನ್ನು ಬೇರೆ ಖಾತೆಯಲ್ಲಿ ಅವರ ಜೀವಿತಕಾಲಕ್ಕೆ ಇಡುವುದು ನ್ಯಾಯ. ಅವರು ಬರುವುದಿಲ್ಲ ಎನ್ನುವುದು ಬರೀ ಹಟವೆಂದು ನಿಮ್ಮ ಅಣ್ಣ ತಿಳಿದರೆ ತಪ್ಪು. ಚೌಡಿ, ನಾಗಬನ, ಭೂತದ ಕಲ್ಲುಗಳನ್ನು ಏನು ಮಾಡುವುದೆಂಬ ಪ್ರಶ್ನೆಗೆ ಯಾವ ಪ್ಯಾಕೇಜಿನಲ್ಲೂ ಉತ್ತರವಿಲ್ಲ. ವರ್ಷಕ್ಕೊಮ್ಮೆ ಪೂಜೆಗೆ ಒಳಹೋಗುವ ಅನುಮತಿಯನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಲು ಕೇಳಬಹುದು, ಮತ್ತು ಕೇಳಬೇಕು. ಕಾನೂನಿನ ಮಟ್ಟಿಗೂ ಅವರು ವಾರಸುದಾರರಾದ್ದರಿಂದ ಅವರ ಸಹಿಯಿಲ್ಲದೆ ಯಾವ ಒಪ್ಪಿಗೆಯೂ ಪೂರ್ತಿಯಾಗುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆ ಮಾಡು ಮತ್ತು ಸಸಿಯದು. ಪಟ್ಟಾ ಜಮೀನಿನಲ್ಲಿರುವ ಮನೆಯಾದರೆ ಈ ಮಳೆಗಾಲಕ್ಕೆ ಮೊದಲು ಮಾಡು ರಿಪೇರಿ ಮಾಡಿಸಿ. ಮರ ಬೇಕಾದರೆ ಕಾಡಿನಿಂದ ತರಬೇಡಿ, ಅಂಗಡಿಯ ಬಿಲ್ಲಿರುವ ಮರವನ್ನೋ ಕಬ್ಬಿಣವನ್ನೋ ಬಳಸಿ. ಸತ್ತ ಅಡಿಕೆಯ ಜಾಗದಲ್ಲಿ ಸಸಿ ಇಡುವುದಕ್ಕೆ ಪಟ್ಟಾ ತೋಟದಲ್ಲಿ ತಡೆಯಿಲ್ಲ. ಆದರೆ ಹಳದಿ ಎಲೆ ಇರುವ ತೋಟದಲ್ಲಿ ಅಡಿಕೆಯನ್ನೇ ಮತ್ತೆ ಹಾಕುವ ಬದಲು ಬೇಗ ಫಲ ಕೊಡುವ ಕಾಳುಮೆಣಸನ್ನೋ ಕಾಫಿಯನ್ನೋ ಇಟ್ಟರೆ ಹೋದರೂ ಉಳಿದರೂ ನಷ್ಟ ಕಡಿಮೆ. ಒತ್ತುವರಿಯ ಒಂದೂವರೆ ಎಕರೆಯಲ್ಲಿ ಮಾತ್ರ ಬೇಲಿಯನ್ನು ಒಂದು ಅಡಿಯೂ ಮುಂದಕ್ಕೆ ಸರಿಸಬೇಡಿ. ಅಲ್ಲಿ ಹೊಸ ಮಣ್ಣು ಕಡಿದದ್ದು ಉಪಗ್ರಹದ ಚಿತ್ರದಲ್ಲಿ ಕಂಡರೆ, ಅಜ್ಜನ ಕಾಲದ ಸಾಗುವಳಿಯೆಂಬ ನಿಮ್ಮ ವಾದವೇ ಸಡಿಲವಾಗುತ್ತದೆ.